ಹದ ಅಂದರೆ ಎಷ್ಟು?

ಹೊರದೇಶದಲ್ಲಿರುವ ನಮ್ಮ ಕನ್ನಡ ಸಂಘದ ಸುದ್ದಿಪತ್ರಕ್ಕೆ ಬರುವ ಬರಹಗಳಲ್ಲಿ ‘ನಮ್ಮ ಕಾಲದಲ್ಲಿ’ ಎಂದು ಶುರುವಾಗುವವು ಒಂದು ರಾಶಿ. ‘ನಮ್ಮ ಮನೆಯ ದೊಡ್ಡವರಿಗೆ ಹೇಳಿದರೆ ಅರ್ಥವೇ ಆಗೋಲ್ಲ’ ಎಂದು ಶುರುವಾಗುವವು ಇನ್ನೊಂದು ರಾಶಿ. ಮೊದಲ ರಾಶಿಯಲ್ಲಿ ಶಾಲೆಗೆ ನಡೆದುಹೋದ ಮೈಲಿಗಳು ವರ್ಷಕ್ಕೊಂದರಂತೆ ಹೆಚ್ಚುತ್ತಾ ಹೋಗುತ್ತವೆ. ಎರಡನೆಯದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹುಟ್ಟಿದ್ದು. ಅಪ್ಪ ಅಮ್ಮ ಕೂತು ಅದನ್ನು ಕನ್ನಡಕ್ಕೆ ತಿರುಗಿಸುತ್ತಾರೆ, ತಿರುಗಿಸುವಾಗ ಖಾರ ಸ್ವಲ್ಪ ಕಮ್ಮಿ ಮಾಡಿಯೇ ಕಳಿಸುತ್ತಾರೆ.

ಈ ಸಂಚಿಕೆ ಹಾಸನ, ಚಿಕ್ಕಮಗಳೂರು ಕಡೆಯವರದ್ದು. ಆದ್ದರಿಂದ ಆ ಕಡೆ ದಿನಕ್ಕೆ ಹತ್ತು ಸಲ ಕೇಳಿಬರುವ ಒಂದು ಮಾತನ್ನು ಹಿಡಿದುಕೊಂಡೇ ಈ ತಕರಾರನ್ನು ನೋಡಬಹುದು. ಆ ಮಾತು ‘ಹದ’. ಮುದ್ದೆಗೆ ನೀರು ಎಷ್ಟಿಡಬೇಕು? ಹದಕ್ಕೆ. ಕಾಫಿ ಎಷ್ಟು ದಿನ ಒಣಗಬೇಕು? ಹದ ಬರೋವರೆಗೆ. ಮಕ್ಕಳನ್ನು ಎಷ್ಟು ಗದರಬೇಕು? ಅದಕ್ಕೂ ಅದೇ ಉತ್ತರ. ಕೇಳಿದ ಹುಡುಗಿ ಫೋನಿನಲ್ಲಿ ಬರೆದುಕೊಳ್ಳಲು ಬೆರಳು ಎತ್ತಿಕೊಂಡೇ ಕೂತಿರುತ್ತಾಳೆ, ಅಜ್ಜಿ ಉತ್ತರ ಹೇಳಿ ಮುಗಿಸಿಬಿಟ್ಟಿರುತ್ತಾರೆ.

ಅಜ್ಜಿ ಏನನ್ನೂ ಮುಚ್ಚಿಡುತ್ತಿಲ್ಲ. ಅವರಿಗೂ ಯಾರೂ ಲೆಕ್ಕ ಹೇಳಿಕೊಟ್ಟಿರಲಿಲ್ಲ. ಬೇಲೂರು, ಮೂಡಿಗೆರೆ, ಸಕಲೇಶಪುರದ ಕಡೆ ಐವತ್ತು ಅರವತ್ತು ವರ್ಷದ ಹಿಂದೆ ಮಗು ಆರು ವರ್ಷಕ್ಕೆ ಕೋಳಿ ಗೂಡಿನ ಬಾಗಿಲು ಹಾಕುತ್ತಿತ್ತು, ಎಂಟಕ್ಕೆ ಕರು ಬಿಡುತ್ತಿತ್ತು, ಹತ್ತಕ್ಕೆ ಕಣದಲ್ಲಿ ಹರಡಿದ ಕಾಫಿಯನ್ನು ಕಾಲಿನಿಂದ ಸಾಲು ಎಳೆದು ತಿರುವುತ್ತಿತ್ತು. ಇದಕ್ಕೆ ಯಾರೂ ಪಾಠ ಅನ್ನಲಿಲ್ಲ, ಮಕ್ಕಳನ್ನು ಚೆನ್ನಾಗಿ ಬೆಳೆಸುತ್ತಿದ್ದೇವೆ ಅಂತಲೂ ಅಂದುಕೊಳ್ಳಲಿಲ್ಲ. ಮನೆಯಲ್ಲಿ ಆಳು ಸಾಲದು, ಮಗು ಕೈಗೆ ಸಿಕ್ಕಿತು, ಅಷ್ಟೇ. ಹತ್ತು ವರ್ಷ ಹಾಗೆ ಪಕ್ಕದಲ್ಲಿ ನಿಂತವರ ಕೈಗೆ ಹದ ತಾನಾಗಿ ಬಂತು. ಇಲ್ಲಿ ನಾವು ಮಾಡಿದ್ದು ನೋಡಿ: ಮಗು ಅಡುಗೆಮನೆಗೆ ಬಂದರೆ ‘ಒಲೆ ಹತ್ರ ಬರಬೇಡ, ಹೋಗಿ ಓದ್ಕೋ’. ಹದಿನೆಂಟು ವರ್ಷ ಹಾಗೆ ಆಚೆ ಕಳಿಸಿ, ಹತ್ತೊಂಬತ್ತನೆಯ ವರ್ಷ ‘ಈಗಿನವರಿಗೆ ಒಂದು ಮುದ್ದೆ ಕಟ್ಟೋಕೂ ಬರಲ್ಲ’ ಅಂತ ಸುದ್ದಿಪತ್ರಕ್ಕೆ ಬರೆಯುತ್ತೇವೆ.

ಹಾಗಾದರೆ ಮುದ್ದೆಯನ್ನೇ ತೆಗೆದುಕೊಳ್ಳೋಣ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ಹಳಬರು ಇದನ್ನು ‘ಹಿಟ್ಟು’ ಅನ್ನುತ್ತಾರೆ. ಗಲಿಬಿಲಿ ಇಲ್ಲಿಂದಲೇ ಶುರು. ‘ಹಿಟ್ಟು ಆದ್ಮೇಲೆ ಇಳಿಸು’ ಅಂದರೆ ರಾಗಿ ಹಿಟ್ಟು ಸುರಿದ ಮೇಲೋ, ಮುದ್ದೆ ಬೆಂದ ಮೇಲೋ? ಬೆಂದ ಮೇಲೆ.

ಮಧ್ಯಮ ಗಾತ್ರದ ಮೂರು ಮುದ್ದೆಗೆ 250 ಮಿಲಿಯ ಲೋಟದಲ್ಲಿ ಎರಡು ಲೋಟ ನೀರು, ಒತ್ತದೆ ತುಂಬಿದ ಒಂದೂಕಾಲು ಲೋಟ ರಾಗಿ ಹಿಟ್ಟು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬೆರೆಸಿ, ತೆಳ್ಳನೆ ಅಂಬಲಿಯ ಹಾಗೆ ಮರಳುವವರೆಗೆ ಕಾಯಬೇಕು. ಈ ಒಂದು ಚಮಚವನ್ನು ಬಿಟ್ಟವರ ಮುದ್ದೆಯಲ್ಲಿ ಗಂಟು ಹೆಚ್ಚು. ಎಸರು ಮರಳಿದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೈ ಕಟ್ಟಿಕೊಂಡು ನಿಲ್ಲಬೇಕು. ಕಲಕಬಾರದು. ಹೊಸಬರು ಸೋಲುವುದು ಇಲ್ಲೇ. ಒಣ ಹಿಟ್ಟನ್ನು ಕಲಕಿದರೆ ಪ್ರತಿ ಗಂಟಿನ ಮೈಗೂ ಬೆಂದ ಪದರ ಹತ್ತಿ, ಒಳಗಿನ ಹಿಟ್ಟಿಗೆ ನೀರು ಹೋಗದ ಹಾಗೆ ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ತಿರುವಿದರೂ ಅದು ಒಡೆಯದು. ಕೋಲಿನ ತುದಿಯಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಉರಿ ತಗ್ಗಿಸಿ, ಅರ್ಧ ಮುಚ್ಚಿ ಐದಾರು ನಿಮಿಷ ಬಿಟ್ಟರೆ ಎಸರು ಆ ತೂತಿನಿಂದಲೂ ಅಂಚಿನಿಂದಲೂ ಉಕ್ಕಿ ಹಿಟ್ಟನ್ನು ನೆನೆಸುತ್ತದೆ.

ಈಗ ಅಜ್ಜಿಯ ಕೈಯನ್ನು ಹತ್ತಿರದಿಂದ ನೋಡಬೇಕು. ತಿರುವುವ ಮುಂಚೆ ಅವರು ಪಾತ್ರೆ ಬಗ್ಗಿಸಿ ಅರ್ಧ ಸೌಟು ಗಂಜಿಯನ್ನು ಬಟ್ಟಲಿಗೆ ತೆಗೆದಿಡುತ್ತಾರೆ. ಕೇಳಿದರೆ ‘ಸುಮ್ಮನೆ, ಇರಲಿ ಅಂತ’ ಅನ್ನುತ್ತಾರೆ. ಸುಮ್ಮನೆ ಅಲ್ಲವೇ ಅಲ್ಲ. ತಿರುವುವಾಗ ಮುದ್ದೆ ಗಟ್ಟಿಯಾಯಿತು ಅನ್ನಿಸಿದರೆ ಅದೇ ಗಂಜಿ ವಾಪಸು ಬೀಳುತ್ತದೆ, ಇಲ್ಲದಿದ್ದರೆ ಬಟ್ಟಲಲ್ಲೇ ಉಳಿಯುತ್ತದೆ. ಅವರು ‘ಹದ’ ಅಂದಾಗ ಹೇಳುತ್ತಿದ್ದದ್ದು ಈ ಅರ್ಧ ಸೌಟಿನ ವಿಷಯ. ಹಿಟ್ಟು ದಿನಕ್ಕೊಂದು ಥರ ನೀರು ಕುಡಿಯುತ್ತದೆ. ಗಿರಣಿಯಲ್ಲಿ ತರಿಯಾಗಿ ಬೀಸಿದ್ದು ಬೇರೆ, ಇಲ್ಲಿಯ ಅಂಗಡಿಯ ನುಣ್ಣನೆ ಪ್ಯಾಕೆಟ್ ಹಿಟ್ಟು ಬೇರೆ. ಅದಕ್ಕೇ ಅವರು ಲೆಕ್ಕ ಹೇಳುವುದಿಲ್ಲ, ಸರಿಪಡಿಸಿಕೊಳ್ಳಲು ಒಂದು ದಾರಿ ಇಟ್ಟುಕೊಳ್ಳುತ್ತಾರೆ. ಎರಡು ಲೋಟಕ್ಕೆ ಒಂದೂಕಾಲು ಅನ್ನುವ ಲೆಕ್ಕ ಮೊದಲ ದಿನಕ್ಕೆ ಬೇಕೇ ಬೇಕು. ಆದರೆ ಎರಡನೆಯ ದಿನದಿಂದ ಕಾಯುವುದು ಆ ಬಟ್ಟಲು.

ತಿರುವುವುದು ತೋಳಿನ ಕೆಲಸ. ಊರಿನಲ್ಲಿ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು, ಮೈಭಾರ ಹಾಕಿ ತೊಳಸುತ್ತಾರೆ. ಇಲ್ಲಿ ಗಾಜಿನ ಒಲೆಯ ಮೇಲೆ ನಿಂತು ಹಾಗೆ ಮಾಡಹೋದರೆ ಪಾತ್ರೆ ಬುಗುರಿಯಾಗುತ್ತದೆ, ಒಲೆಯ ಗಾಜೂ ಉಳಿಯದು. ಎರಡು ಹಿಡಿ ಇರುವ ದಪ್ಪ ತಳದ ಪಾತ್ರೆಯೇ ಆಗಬೇಕು. ಅದನ್ನು ಇಳಿಸಿ, ನೆಲದ ಮೇಲೆ ಮಡಿಸಿ ಹಾಸಿದ ಒದ್ದೆ ಟವೆಲಿನ ಮೇಲಿಟ್ಟು, ಒಬ್ಬರು ಹಿಡಿ ಹಿಡಿದುಕೊಂಡರೆ ಇನ್ನೊಬ್ಬರು ತಿರುವಬಹುದು. ಹಿಡಿದುಕೊಳ್ಳುವ ಕೆಲಸಕ್ಕೆ ಮೊಮ್ಮಗನನ್ನು ಕರೆಯಿರಿ. ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಎರಡು ಮೂರು ನಿಮಿಷ ತಿರುವಿ, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಮತ್ತೆ ಮೂರು ನಾಲ್ಕು ನಿಮಿಷ. ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ. ಅಂಟಿದರೆ, ಹಸಿ ವಾಸನೆ ಬಂದರೆ ಇನ್ನೆರಡು ನಿಮಿಷ. ಒದ್ದೆ ತಟ್ಟೆಗೆ ಹಾಕಿ ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ಆರಿದರೆ ಬಿರುಕು ಬಿಡುತ್ತದೆ.

ಮಲೆನಾಡು ಕಡೆಯ ಕಡುಬಿಗೂ ಇದೇ ಮಾತು. ಅಲ್ಲಿ ಒಂದಳತೆ ಅಕ್ಕಿ ತರಿಗೆ ಎರಡಳತೆ ನೀರು, ಹಳೆ ಅಕ್ಕಿಯಾದರೆ ಕಾಲು ಅಳತೆ ಹೆಚ್ಚು. ತರಿ ತೀರಾ ಸಣ್ಣಗಾದರೆ ಅಂಟು, ದಪ್ಪವಾದರೆ ನಡುವೆ ಬೆಳ್ಳಗೆ ಗಟ್ಟಿ. ಬಾಸ್ಮತಿಯಲ್ಲಿ ಮಾಡಹೋಗಬೇಡಿ.

ಲೆಕ್ಕ ಬೇಕು ಅನ್ನುವ ಹುಡುಗರನ್ನು ಕಂಡು ನಗುವ ಹಿರಿಯರು ಕಾಫಿ ಕಣದ ಕಡೆ ಒಮ್ಮೆ ನೋಡಬೇಕು. ಹಿಂದೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ) ಒಣಗಿದೆಯೋ ಇಲ್ಲವೋ ಎಂದು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಹಲ್ಲಿನ ಗುರುತು ಮೆತ್ತಗೆ ಬಿದ್ದರೆ ಇನ್ನೂ ಹಸಿ, ಚಟ್ಟನೆ ಒಡೆದರೆ ಅತಿಯಾಯಿತು. ಚೆರಿಯಾದರೆ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲುಗಿಸಿ ಗಲಗಲ ಅನ್ನುತ್ತದೆಯೇ ಎಂದು ಕೇಳುವುದು. ಈಗ ತೋಟಕ್ಕೆ ಹಿಂತಿರುಗಿರುವ ಹುಡುಗರು ತೇವಾಂಶದ ಮೀಟರ್ ಇಟ್ಟುಕೊಂಡಿದ್ದಾರೆ, ಶೇಕಡಾ 10ರಿಂದ 11ರ ಆಸುಪಾಸಿಗೆ ಬಂದಾಗ ಮೂಟೆ ಕಟ್ಟುತ್ತಾರೆ. ಹಸಿಯಾಗಿ ಕಟ್ಟಿದರೆ ಬೂಸ್ಟು, ಅತಿಯಾಗಿ ಒಣಗಿಸಿದರೆ ತೂಕ ನಷ್ಟ, ಕ್ಯೂರಿಂಗ್‌ನಲ್ಲಿ (ಹೊಟ್ಟು ತೆಗೆಯುವಾಗ) ಬೀಜ ಒಡೆಯುವ ನಷ್ಟ ಬೇರೆ. ಮೀಟರಿಗೂ ಅದರದೇ ಹದ ಇದೆ. ಬಿಸಿಲಿನ ಕಣದಿಂದ ಬಿಸಿಬಿಸಿ ತಂದು ಸುರಿದರೆ ತಪ್ಪು ಹೇಳುತ್ತದೆ, ನೆರಳಿನಲ್ಲಿ ಆರಿಸಿ ಹಾಕಬೇಕು. ಅರೇಬಿಕಾ ಪಾರ್ಚ್‌ಮೆಂಟಿನ ಸೆಟ್ಟಿಂಗ್‌ನಲ್ಲಿ ಇನ್ನೊಂದು ಜಾತಿಯಾದ ರೊಬಸ್ಟಾದ ಚೆರಿ ಅಳೆದರೂ ತಪ್ಪು. ಮೀಟರ್ ಒಂದು ಹೇಳಿ ಹಲ್ಲು ಇನ್ನೊಂದು ಹೇಳಿದರೆ ಮತ್ತೊಮ್ಮೆ ಅಳೆಯುವುದು ಒಳ್ಳೆಯದು. ಒಂದೇ ಕಣದಲ್ಲಿ ಅಜ್ಜ ಕಚ್ಚಿ ನೋಡುತ್ತಾರೆ, ಮೊಮ್ಮಗ ಮೀಟರ್ ನೋಡುತ್ತಾನೆ. ಅವರಿಬ್ಬರಿಗೆ ತಲೆಮಾರಿನ ಅಂತರದ ಬಗ್ಗೆ ಬರೆಯಲು ಪುರುಸೊತ್ತಿಲ್ಲ.

ಇಲ್ಲಿಯ ಮಕ್ಕಳು ಆ ಕಣವನ್ನು ನೋಡಿಯೇ ಇಲ್ಲ. ಕಾರಣ ಸೋಮಾರಿತನವೂ ಅಲ್ಲ, ಮೊಬೈಲೂ ಅಲ್ಲ. (ಮೊಬೈಲಿನ ದೂರು ಸಾಕು. ಊರಿನ ಅಜ್ಜಿಯರು ರೀಲ್ಸ್ ನೋಡುವ ಹೊತ್ತು ಲೆಕ್ಕ ಹಾಕಿದರೆ ಯಾರಿಗೂ ಒಳ್ಳೆಯದಾಗದು.) ಕಾರಣ ಶಾಲೆಯ ಕ್ಯಾಲೆಂಡರ್. ದೊಡ್ಡ ರಜೆ ಜೂನ್ ಕೊನೆಯಿಂದ ಆಗಸ್ಟ್. ಊರಿನ ಲೆಕ್ಕದಲ್ಲಿ ಅದು ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಕರೆಂಟಿಲ್ಲದ, ಬಟ್ಟೆ ಒಣಗದ, ಕಾಲಿಗೆ ಇಂಬಳ ಹತ್ತುವ ಕಾಲ. ಅರೇಬಿಕಾ ಹಣ್ಣು ಕುಯ್ಯುವುದು ನವೆಂಬರಿನಿಂದ ಜನವರಿವರೆಗೆ, ರೊಬಸ್ಟಾ ಅದರ ಹಿಂದೆ. ರಾಗಿ ಒಕ್ಕಣೆ ನಡೆಯುವುದೂ ಸುಮಾರು ಅದೇ ಹೊತ್ತಿಗೆ. ಅಜ್ಜ ಹೇಳುವ ಪ್ರತಿಯೊಂದು ಕಥೆ ಡಿಸೆಂಬರಿನದು, ಮೊಮ್ಮಕ್ಕಳು ಕಂಡ ಊರು ಪೂರ್ತಿ ಜುಲೈಯದು. ಎರಡು ಮೂರು ವರ್ಷಕ್ಕೊಮ್ಮೆಯಾದರೂ ಡಿಸೆಂಬರಿನ ಎರಡು ವಾರಕ್ಕೆ ಟಿಕೆಟ್ ತೆಗೆಯಿರಿ. ವಿಮಾನದ ದರ ಆಗ ದುಬಾರಿ, ಗೊತ್ತು. ಹೋದಾಗ ಮಕ್ಕಳ ಸೊಂಟಕ್ಕೂ ಒಂದು ಬುಟ್ಟಿ ಕಟ್ಟಿಸಿ, ಕೆಂಪು ಹಣ್ಣು ಮಾತ್ರ ಕುಯ್ಯಲು ಹೇಳಿ. ರೆಂಬೆ ಹಿಡಿದು ಸವರಿ ಎಳೆಯಬಾರದು, ಗಿಣ್ಣಿನ ಜಾಗ ಕಿತ್ತುಹೋದರೆ ಮುಂದಿನ ಮೊಗ್ಗಿಗೆ ಏಟು. ಇದನ್ನು ಕಾರಣ ಸಮೇತ ಹೇಳಿದರೆ ಈಗಿನ ಮಕ್ಕಳು ಕೇಳುತ್ತಾರೆ. ‘ಹಂಗೆಲ್ಲ ಎಳೀಬಾರ್ದು’ ಅಂತ ಮಾತ್ರ ಹೇಳಿದರೆ ‘ಯಾಕೆ?’ ಅನ್ನುತ್ತಾರೆ, ಅದು ಎದುರುತ್ತರ ಅನ್ನಿಸಿಕೊಳ್ಳುತ್ತದೆ.

ಜುಲೈಯಲ್ಲೇ ಹೋಗುವವರಿಗೆ ಕಳಲೆ ಇದೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ವಿಷದ ಅಂಶ ಇರುತ್ತದೆ. ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಮೂರು ದಿನ ನೆನೆಸಿ, ಆಮೇಲೆ ಬೇಯಿಸಿದ ನೀರನ್ನೂ ಚೆಲ್ಲುವುದು ಅದಕ್ಕಾಗಿ. ಅಜ್ಜಿ ಆ ಶಬ್ದ ಕೇಳಿರಲಿಕ್ಕಿಲ್ಲ, ಆದರೆ ಮೂರು ದಿನದ ಲೆಕ್ಕ ತಪ್ಪಿದವರಲ್ಲ. ರಸಾಯನಶಾಸ್ತ್ರ ಓದುವ ಮೊಮ್ಮಗಳಿಗೆ ಆ ನೀರು ಬದಲಿಸುವ ಕೆಲಸ ಕೊಟ್ಟರೆ ಇಬ್ಬರಿಗೂ ಮಾತಿಗೆ ವಿಷಯ ಸಿಗುತ್ತದೆ.

ಇನ್ನು ದುಡ್ಡು. ಹಿರಿಯರ ಕೈ ಬಿಗಿ ಎಂದು ದೂರುವ ಯುವಕರಿಗೆ ಒಂದು ಹಳೆಯ ಸಂಗತಿ ಗೊತ್ತಿರಬೇಕು. 1942ರ ಕಾಫಿ ಕಾಯಿದೆಯ ನಂತರ ಬೆಳೆಗಾರ ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರುವಂತಿರಲಿಲ್ಲ. ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ (ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆ) ಒಪ್ಪಿಸಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು, ಮುಂದಿನ ಕಂತು ಯಾವಾಗ, ಎಷ್ಟು ಎಂಬುದು ಮನೆಯವರ ಕೈಯಲ್ಲಿರಲಿಲ್ಲ. 1990ರ ದಶಕದ ಮಧ್ಯದ ಹೊತ್ತಿಗೆ ಅದು ಹಂತ ಹಂತವಾಗಿ ಸಡಿಲವಾಯಿತು. ಅಂದರೆ ಈಗ ಅರವತ್ತು ದಾಟಿದವರು ಬೆಳೆದದ್ದು, ಮದುವೆ ಮಾಡಿದ್ದು, ಮಕ್ಕಳಿಗೆ ಫೀಸು ಕಟ್ಟಿದ್ದು ದಿನಾಂಕ ಗೊತ್ತಿಲ್ಲದ ಆದಾಯದಲ್ಲಿ. ತಿಂಗಳ ಕೊನೆಗೆ ಸಂಬಳ ಬರುತ್ತದೆ ಎಂಬ ಭರವಸೆಯಲ್ಲಿ ಬೆಳೆದವರಿಗೆ ಆ ಬಿಗಿತ ಜಿಪುಣತನದ ಹಾಗೆ ಕಾಣುತ್ತದೆ. ಖಾಲಿ ಹಾರ್ಲಿಕ್ಸ್ ಬಾಟಲಿ ಎಸೆಯದಿರುವುದು ಸ್ವಭಾವವೂ ಹೌದು, ಕಂತಿನ ಕಾಲದ ಅಭ್ಯಾಸವೂ ಹೌದು.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದು ಹಿರಿಯರಿಗೆ ಅಷ್ಟು ಹಿಡಿಸದು. 1994ರಲ್ಲಿ ಬ್ರೆಜಿಲಿನ ತೋಟಗಳು ಹಿಮಕ್ಕೆ ಸುಟ್ಟಾಗ ಊರಿನಲ್ಲಿ ಕಾಫಿ ಬೆಲೆ ಏರಿತು. 2000ದಿಂದ 2002ರ ಹೊತ್ತಿಗೆ ಅದೇ ಬೆಲೆ ನೆಲ ಕಚ್ಚಿತು. ಆ ವರ್ಷಗಳಲ್ಲಿ ‘ತೋಟದ ಸಹವಾಸ ಬೇಡ, ಓದಿ ಹೊರಗೆ ಹೋಗು’ ಎಂದು ಎಷ್ಟೋ ಮನೆಗಳಲ್ಲಿ ಹೇಳಿದವರು ಅಪ್ಪಂದಿರೇ. ಹೇಳಿದ ಮಾತು ಕೇಳಿದ ಮಕ್ಕಳೇ ಈ ಸಂಘದ ಸದಸ್ಯರು. ಅವರ ಮಕ್ಕಳಿಗೆ ಕಣ ಗೊತ್ತಿಲ್ಲ ಎಂದು ಈಗ ಯಾರಿಗೆ ದೂರುವುದು?

ಮಾತಿನ ವಿಷಯ ಚಿಕ್ಕದಾಗಿ ಹೇಳಿಬಿಡಬಹುದು, ಆದರೆ ಊರಿನಲ್ಲಿ ನೋವಾಗುವುದು ಹೆಚ್ಚಾಗಿ ಇದರಿಂದಲೇ. ಇಲ್ಲಿಯ ಮಗು ದೊಡ್ಡಪ್ಪನಿಗೆ ‘ನೀನು ಬಾ’ ಅನ್ನುತ್ತದೆ. ಸೊಕ್ಕಿಲ್ಲ. ಅದರ ಕಿವಿಗೆ ಬಿದ್ದ ಕನ್ನಡವೆಲ್ಲ ಅಮ್ಮ ಅದಕ್ಕೇ ಹೇಳಿದ ‘ನೀನು ತಿಂದ್ಯಾ, ನೀನು ಮಲಗು’. ಕೇಳಿದ್ದನ್ನೇ ಹಿಂತಿರುಗಿಸುತ್ತದೆ. ‘ನೀವು’ ಕಲಿಸಲು ಪಾಠ ಬೇಡ, ಅತ್ತೆ ಮಾವನ ಜೊತೆ ಮಾತಾಡುವಾಗ ಫೋನನ್ನು ಸ್ಪೀಕರಿಗೆ ಹಾಕಿ, ಮಗು ಕೇಳಿಸಿಕೊಳ್ಳಲಿ. ಹೊರಡುವಾಗ ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನಬೇಕು. ಬಡಿಸುವಾಗ ‘ಬೇಡ’ ಅಂದರೆ ಅಡುಗೆ ಹಿಡಿಸಲಿಲ್ಲ ಎಂದಾಗುತ್ತದೆ, ‘ಸಾಕು’ ಅಂದರೆ ಹೊಟ್ಟೆ ತುಂಬಿತು ಎಂದಾಗುತ್ತದೆ. ಅಜ್ಜಿ ರೊಟ್ಟಿ ಹಾಕಿದ ಪ್ರತಿ ಸಲವೂ ‘ಥ್ಯಾಂಕ್ಯೂ’ ಅಂದರೆ ಅವರು ನೆಂಟರ ಮನೆಯವರಾಗಿಬಿಡುತ್ತಾರೆ. ಇನ್ನೊಂದು ರೊಟ್ಟಿ ಕೇಳಿದರೆ ಸಾಕು. ಹಿರಿಯರಿಗೂ ಒಂದು ಮಾತು: ಮಗು ತಪ್ಪಿ ‘ನೀನು’ ಅಂದಾಗ ಎಲ್ಲರೂ ನಕ್ಕರೆ ಅದು ಮತ್ತೆ ಆ ಮನೆಯಲ್ಲಿ ಕನ್ನಡದ ಬಾಯಿ ತೆರೆಯುವುದು ಕಷ್ಟ.

ಫೋನಿನಲ್ಲಿ ಮಾತೇ ಹೊರಡುವುದಿಲ್ಲ, ‘ಊಟ ಆಯ್ತಾ’ ಆದ ಮೇಲೆ ಏನು ಕೇಳಬೇಕು ಎಂದು ಕೇಳುವ ಯುವಕರಿಗೆ ನಮ್ಮ ಸಲಹೆ ಒಂದೇ: ಮಳೆ ಎಷ್ಟು ಬಂತು ಎಂದು ಕೇಳಿ. ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಬೆಳೆಗಾರರ ಮನೆಗಳಲ್ಲಿ ಅಂಗಳದ ಮೂಲೆಯಲ್ಲಿ ಮಳೆ ಅಳೆಯುವ ಡಬ್ಬ ಇರುತ್ತದೆ. ಬೆಳಗ್ಗೆ ಎದ್ದು ಅದರ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಗೆ ಸುರಿದು, ಪುಸ್ತಕದಲ್ಲಿ ಬರೆದಿಡುತ್ತಾರೆ. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ದಶಕಗಳಾದರೂ ಅಲ್ಲಿ ಲೆಕ್ಕ ಇಂಚು ಮತ್ತು ಸೆಂಟಿನಲ್ಲೇ. ಇಂಚಿಗೆ ನೂರು ಸೆಂಟು. ಒಂದು ಇಂಚು ಅಂದರೆ 25.4 ಮಿಲಿಮೀಟರ್. ‘ನಿನ್ನೆ ಒಂದೂ ಇಪ್ಪತ್ತು’ ಅಂದರೆ ಸುಮಾರು ಮೂವತ್ತೂವರೆ ಮಿಲಿಮೀಟರ್. ನಿಮ್ಮ ಫೋನಿನ ಹವಾಮಾನ ಆ್ಯಪ್ ಮಳೆ ಬರಬಹುದು ಅನ್ನುತ್ತದೆ. ಆ ಪುಸ್ತಕ ಆ ಅಂಗಳದಲ್ಲಿ ಎಷ್ಟು ಬಿತ್ತು ಅನ್ನುತ್ತದೆ. ಒಂದು ಗುಡ್ಡ ದಾಟಿದರೆ ಮಳೆ ಬೇರೆಯಾಗುವ ಸೀಮೆಯಲ್ಲಿ ಎರಡೂ ಒಂದೇ ಅಲ್ಲ.

ಮಾರ್ಚ್, ಏಪ್ರಿಲಿನಲ್ಲಿ ಕೇಳಿದರಂತೂ ಅಜ್ಜ ಫೋನ್ ಇಡುವುದೇ ಇಲ್ಲ. ಅದು ಹೂಮಳೆಯ ಕಾಲ. ಒಂದು ಇಂಚಿನ ಆಸುಪಾಸು ಒಟ್ಟಿಗೆ ಸುರಿದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿಯಾಗಿ, ಮಲ್ಲಿಗೆಯ ಹಾಗೆ ಗಮಗಮಿಸುತ್ತದೆ. ಹತ್ತಿಪ್ಪತ್ತು ಸೆಂಟು ಹನಿದು ನಿಂತರೆ ಮೊಗ್ಗು ಅರೆಬಿರಿದು ಕೆಡುತ್ತದೆ. ಹೂ ಅರಳಿದ ದಿನವೇ ಜೋರು ಮಳೆ ಬಂದರೆ ರೊಬಸ್ಟಾಕ್ಕೆ ದೊಡ್ಡ ಪೆಟ್ಟು, ಏಕೆಂದರೆ ಅದಕ್ಕೆ ಬೇರೆ ಗಿಡದ ಪರಾಗ ಬೇಕು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಕಾಯಿ ನಿಲ್ಲಲು ಇನ್ನೊಂದು ಮಳೆ. ಏಪ್ರಿಲ್ ನಡುವಿನಿಂದ ಅಶ್ವಿನಿ, ಅದರ ಹಿಂದೆ ಭರಣಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಮಾತು ಅಜ್ಜ ಹೇಳಿಯೇ ಹೇಳುತ್ತಾರೆ, ತಡೆಯಬೇಡಿ.

ಈ ಮಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸವನ್ನು ನಮ್ಮ ಕಾಲೇಜು ಹುಡುಗರು ಕೈಗೆತ್ತಿಕೊಳ್ಳಬೇಕೆಂದು ಈ ಸಂಚಿಕೆಯಿಂದ ಕೇಳುತ್ತಿದ್ದೇವೆ. ಪುಟಗಳ ಫೋಟೊವನ್ನು ಊರಿನವರಿಂದ ತರಿಸಿಕೊಳ್ಳಿ. ಹಗಲು ಬೆಳಕಿನಲ್ಲಿ, ಮೇಲಿನಿಂದ ನೇರವಾಗಿ, ಫ್ಲ್ಯಾಶ್ ಇಲ್ಲದೆ, ಪುಟದ ನಾಲ್ಕೂ ಮೂಲೆ ಕಾಣುವ ಹಾಗೆ ತೆಗೆಯಲು ಹೇಳಿ. ಮೊದಲ ಫೋಟೊ ಪುಸ್ತಕದ ರಟ್ಟಿನದ್ದಿರಲಿ, ಇಲ್ಲದಿದ್ದರೆ ವರ್ಷ ಯಾವುದೆಂದು ಆಮೇಲೆ ಹುಡುಕಬೇಕಾಗುತ್ತದೆ. ತಾರೀಖು, ಇಂಚು, ಸೆಂಟು, ಮಿಲಿಮೀಟರ್, ಮಳೆ ನಕ್ಷತ್ರ, ಷರಾ ಎಂದು ಆರು ಕಾಲಂ ಸಾಕು. ಷರಾ ಕಾಲಂ ಬಿಡಬೇಡಿ. ‘ಆಲಿಕಲ್ಲು’, ‘ಪಲ್ಪರ್ ರಿಪೇರಿ’, ‘ಮಗು ಹುಟ್ಟಿತು’ ಎಲ್ಲ ಇರುವುದು ಅಲ್ಲೇ. ಇಂಚು ಮತ್ತು ಸೆಂಟನ್ನು ಬೇರೆ ಬೇರೆ ಕಾಲಂನಲ್ಲೇ ಹಾಕಿ. ಹಳೆಯ ಪುಸ್ತಕದಲ್ಲಿ 1-5 ಎಂದಿದ್ದರೆ ಅದು ಒಂದು ಇಂಚು ಐದು ಸೆಂಟು. ನೀವು ದಶಮಾಂಶ ಅಂದುಕೊಂಡು 1.5 ಎಂದು ಹೊಡೆದರೆ ಒಂದು ಇಂಚು ಐವತ್ತು ಸೆಂಟಾಯಿತು, 27 ಮಿಲಿಮೀಟರ್ ಮಳೆ 38 ಆಗಿ ಕೂತಿತು. ಬರೆದ ಕೈ ಬದಲಾದ ವರ್ಷಗಳಲ್ಲಿ ಬರೆಯುವ ಕ್ರಮವೂ ಬದಲಾಗಿರಬಹುದು. ಅನುಮಾನ ಬಂದ ಸಾಲುಗಳಿಗೆ ಗುರುತು ಹಾಕಿಟ್ಟುಕೊಂಡು, ವಾರಕ್ಕೊಮ್ಮೆ ಊರಿಗೆ ಫೋನ್ ಮಾಡಿ ಕೇಳಿ. ಅಲ್ಲಿಯ ಬೆಳಗ್ಗೆ ಒಂಬತ್ತು ಗಂಟೆಯ ಮೇಲೆ ಮಾಡಿ. ಅದಕ್ಕಿಂತ ಮುಂಚೆ ಅವರು ಡಬ್ಬದ ಹತ್ತಿರ ಇರುತ್ತಾರೆ, ಫೋನ್ ಒಳಗಿರುತ್ತದೆ.